ಪದ ಬೇಕು: ‘ಪಾರ್ಥೆನೋಕಾರ್ಪಿ’ಗೆ ಕನ್ನಡದಲ್ಲಿ ಏನೆನ್ನಬೇಕು? (ನಾಳೆ ಬೆಳಿಗ್ಗೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ.

ಗಿಡಗಳ ತಳಿವಿಜ್ಞಾನದ ಒಂದು ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉಳಿದದ್ದೆಲ್ಲ ಮುಗಿದಿದೆ, ಒಂದು ಫಲಕ ಮಾತ್ರ ಬಾಕಿ. ಅದರಲ್ಲಿ ಬೀಜವಿಲ್ಲದ ಬಾಳೆ, ದ್ರಾಕ್ಷಿ, ಕಲ್ಲಂಗಡಿ ಮೂರರ ಚಿತ್ರಗಳಿವೆ. ಮೂರಕ್ಕೂ ಸೇರಿ ‘ಪಾರ್ಥೆನೋಕಾರ್ಪಿ’ (ಗರ್ಭ ಕಟ್ಟದೆಯೇ ಹೂವು ಕಾಯಾಗುವುದು) ಅನ್ನುವ ಒಂದೇ ತಲೆಬರಹ. ‘ಅನಿಷೇಕಫಲನ’ ಅಂತ ಬರೆದಿಟ್ಟುಕೊಂಡಿದ್ದೇನೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಓದುವವರು ಎಂಟು, ಒಂಬತ್ತನೇ ತರಗತಿಯ ಮಕ್ಕಳು. ‘ಬೀಜರಹಿತ ಹಣ್ಣು’ ಅಂದರೆ ಸಾಕಾ?

ಇನ್ನೊಂದು ಮಾತು. ಫಲಕದ ಕೊನೆಯಲ್ಲಿ ನಿತ್ಯಪುಷ್ಪದ ಚಿತ್ರವಿದೆ. ಅದರ ಔಷಧಿಯ ಅಂಶಗಳನ್ನು ‘ಸೆಕೆಂಡರಿ ಮೆಟಬೊಲೈಟ್’ (ಗಿಡ ತಯಾರಿಸುವ, ಆದರೆ ಅದರ ಬೆಳವಣಿಗೆಗೆ ನೇರವಾಗಿ ಬೇಕಿಲ್ಲದ ವಸ್ತು) ಅಂದಿದ್ದಾರೆ. ‘ದ್ವಿತೀಯಕ’ ಅಂತ ಬರೆದರೆ ಎರಡನೇ ದರ್ಜೆಯದು ಅನ್ನಿಸುವುದಿಲ್ವಾ?

ಬೆಳಿಗ್ಗೆ ಹತ್ತಕ್ಕೆ ಅಚ್ಚಿಗೆ ಹೋಗುತ್ತದೆ. ದಯವಿಟ್ಟು ಬೇಗ ಹೇಳಿ.

*

‘ಕನ್ಯಾಫಲ’. ಗ್ರೀಕಿನಲ್ಲಿ ಪಾರ್ಥೆನೋಸ್ ಅಂದರೆ ಕನ್ಯೆ, ಕಾರ್ಪೋಸ್ ಅಂದರೆ ಹಣ್ಣು. 1902ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಫ್ರಿಟ್ಸ್ ನೋಲ್ ಈ ಪದ ಕಟ್ಟಿದ್ದು ಇದೇ ಅರ್ಥದಲ್ಲಿ. ಮೂಲದಲ್ಲಿ ಇರುವುದನ್ನು ಹಾಗೇ ಹೇಳಿದಂತಾಯಿತು. ಬೇರೆ ಹುಡುಕಬೇಕಾಗಿಲ್ಲ.

*

> ಮೂಲದಲ್ಲಿ ಇರುವುದನ್ನು ಹಾಗೇ ಹೇಳಿದಂತಾಯಿತು

ಗ್ರೀಕರ ಉಪಮೆಯನ್ನು ನಾವು ಯಾಕೆ ಹೊರಬೇಕು? ಹೂವನ್ನು ಕನ್ಯೆ ಮಾಡುವ ಅಗತ್ಯ ಕನ್ನಡಕ್ಕಿಲ್ಲ. ‘ಅನಿಷೇಕಫಲನ’ ಕೂಡ ಬೇಡ, ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಪದ.

ನಮ್ಮಲ್ಲಿ ‘ಬಂಡು’ ಇದೆ. ದುಂಬಿಗೆ ಹಳೆಗನ್ನಡದಲ್ಲಿ ‘ಬಂಡುಣಿ’ ಅನ್ನುತ್ತಾರೆ, ಅಂದರೆ ಬಂಡನ್ನು ಉಣ್ಣುವುದು. ಪರಾಗಕ್ಕೆ ಬಂಡು ಅನ್ನಿ. ‘ಬಂಡಿರದ ಕಾಯಿ’. ಎರಡೇ ಪದ, ನಾಲಿಗೆಗೆ ಹಗುರ. ಇಂಥ ಪದ ಕೈಯಲ್ಲಿರುವಾಗ ಸಂಸ್ಕೃತಕ್ಕೆ ಯಾಕೆ ಓಡಬೇಕು ಅಂತ ನನಗೆ ಯಾವತ್ತೂ ಅರ್ಥವಾಗಿಲ್ಲ.

*

ಬಂಡು ಅಂದರೆ ಮುಖ್ಯವಾಗಿ ಹೂವಿನ ಜೇನು, ಮಕರಂದ. ಬಂಡುಣಿ ಉಣ್ಣುವುದೂ ಅದನ್ನೇ. ಅದನ್ನು ಪರಾಗದ ತಲೆಗೆ ಕಟ್ಟಬೇಡಿ. ಅಲ್ಲದೆ ಇವತ್ತಿನ ಓದುಗರಿಗೆ ಬಂಡು ಅಂದರೆ ದಂಗೆ ಏಳುವುದು. ಆಗದು.

*

ಪದ ಆಮೇಲೆ. ಮೊದಲು ಆ ಫಲಕವೇ ತಪ್ಪು ದಾರಿಯಲ್ಲಿದೆ. ನಾನು ಗಿಡಗಳ ತಳಿ ಅಭಿವೃದ್ಧಿಯಲ್ಲಿ ಕೆಲಸ ಮಾಡುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೂರು ಹಣ್ಣಿಗೂ ಬೀಜ ಇಲ್ಲ, ನಿಜ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ. ಒಂದೇ ತಲೆಬರಹದ ಕೆಳಗೆ ತಂದರೆ ಮಕ್ಕಳಿಗೆ ತಪ್ಪು ಕಲಿಸಿದಂತೆ.

ಬಾಳೆ ಮಾತ್ರ ಸರಿಯಾದ ಉದಾಹರಣೆ. ಕಾಡುಬಾಳೆಯಲ್ಲಿ ಹಲ್ಲಿಗೆ ಸಿಕ್ಕುವಂಥ ಗಟ್ಟಿ ಬೀಜಗಳಿರುತ್ತವೆ, ಅದಕ್ಕೆ ಪರಾಗ ಬೇಕೇ ಬೇಕು. ನಾವು ತಿನ್ನುವ ಬಾಳೆಗೆ ಬೇಡ. ಪರಾಗ ಸೋಕದೆಯೇ ಕಾಯಿ ತುಂಬುತ್ತದೆ. ಕಾಡಿನದರಲ್ಲಿ ವರ್ಣತಂತುಗಳು (ಜೀನ್‌ಗಳನ್ನು ಹೊತ್ತ ಎಳೆಗಳು, ಕ್ರೋಮೋಸೋಮ್) 22. ನಮ್ಮ ಹೆಚ್ಚಿನ ತಳಿಗಳಲ್ಲಿ 33, ಅಂದರೆ ಎರಡರ ಬದಲು ಮೂರು ಕಂತೆ. ಮೂರನ್ನು ಸರಿಸಮನಾಗಿ ಎರಡು ಪಾಲು ಮಾಡಲು ಆಗದು, ಹಾಗಾಗಿ ಬೀಜ ಕಟ್ಟುವುದೂ ಕಷ್ಟ. ಅದಕ್ಕೇ ಕಂದು ಕಿತ್ತು ನೆಡುತ್ತೇವೆ.

ಕಲ್ಲಂಗಡಿಯಲ್ಲೂ ಅದೇ 22, ಅದೇ 33. ಆದರೆ ಕಥೆ ಬೇರೆ. ನಾಲ್ಕು ಕಂತೆಯ ತಾಯಿಗೆ ಎರಡು ಕಂತೆಯ ತಂದೆಯ ಪರಾಗ ಕೊಟ್ಟು ಮೂರು ಕಂತೆಯ ಬೀಜ ಪಡೆಯುತ್ತಾರೆ. ಜಪಾನಿನ ಹಿತೋಶಿ ಕಿಹಾರ ಈ ದಾರಿ ತೋರಿಸಿ 1951ರಲ್ಲಿ ಪ್ರಕಟಿಸಿದರು. ಆ ಗಿಡದ ಹೂವಿಗೆ ಪರಾಗ ಸೋಕಲೇಬೇಕು, ಇಲ್ಲದಿದ್ದರೆ ಹೀಚು ಉದುರಿಹೋಗುತ್ತದೆ. ಅದಕ್ಕಾಗಿ ಬೀಜ ಇರುವ ಮಾಮೂಲಿ ಕಲ್ಲಂಗಡಿಯನ್ನೂ ನಡುನಡುವೆ ಹಾಕಬೇಕು. ‘ಪರಾಗವಿಲ್ಲದ ಹಣ್ಣು’ ಅಂತ ಇದರ ಕೆಳಗೆ ಬರೆದರೆ ಸುಳ್ಳಾಗುತ್ತದೆ.

ದ್ರಾಕ್ಷಿಯಂತೂ ಪೂರ್ತಿ ಬೇರೆ. ಪರಾಗ ಸೋಕುತ್ತದೆ, ಗರ್ಭ ಕಟ್ಟುತ್ತದೆ, ಬೀಜ ಬೆಳೆಯಲು ಶುರುವೂ ಆಗುತ್ತದೆ. ಆಮೇಲೆ ನಡುವೆ ನಿಂತುಹೋಗುತ್ತದೆ. ಕಚ್ಚಿದಾಗ ನಾಲಿಗೆಗೆ ಸಿಗುವ ಸಣ್ಣ ಮೆತ್ತನೆಯ ಚೂರು ಅದೇ. ಇದಕ್ಕೆ ಸ್ಟೆನೋಸ್ಪರ್ಮೋಕಾರ್ಪಿ ಅನ್ನುವ ಬೇರೆಯೇ ಹೆಸರಿದೆ. ಇದರ ಜೀನ್ ಕೂಡ ಸಿಕ್ಕಿದೆ, ಎಜಿಎಲ್11. ಅದರಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದೆ. ಹಾಗಾಗಿ ಪ್ರೋಟೀನಿನಲ್ಲಿ ಅರ್ಜಿನೈನ್ ಅನ್ನುವ ಅಮೈನೋ ಆಮ್ಲ ಇರಬೇಕಾದ ಜಾಗಕ್ಕೆ ಲ್ಯೂಸಿನ್ ಅನ್ನುವ ಇನ್ನೊಂದು ಬಂದು ಕೂತಿದೆ. 2018ರಲ್ಲಿ ಇದನ್ನು ತೋರಿಸಿದರು. ಒಂದು ಅಕ್ಷರಕ್ಕೆ ಬೀಜವೇ ನಿಂತುಹೋಯಿತು ಅಂದರೆ ಈ ಗುಂಪಿನಲ್ಲಿ ಯಾರಿಗೂ ಆಶ್ಚರ್ಯ ಆಗಬಾರದು.

ಈಗ ಪದ. ಹೂವು ಕಾಯಾಗಲು ತೊಡಗುವುದನ್ನು ಬೆಳೆಗಾರರು ‘ಕಾಯಿ ಕಚ್ಚುವುದು’ ಅನ್ನುತ್ತಾರೆ. ನಮಗೆ ಬೇಕಾದ ಹಂತ ಸರಿಯಾಗಿ ಅದೇ. ದ್ರಾಕ್ಷಿಯ ಬೀಜಕ್ಕೆ ‘ಜೊಳ್ಳು’ ಅನ್ನಿ. ಒಳಗೆ ತುಂಬದೆ ಉಳಿದ ಕಾಳಿಗೆ ಅದಕ್ಕಿಂತ ಒಳ್ಳೆಯ ಪದ ಯಾವ ಭಾಷೆಯಲ್ಲಿದೆಯೋ ನಾನು ಕಾಣೆ.

ನಿತ್ಯಪುಷ್ಪದ ವಿಷಯ: ‘ದ್ವಿತೀಯಕ’ ಖಂಡಿತ ಬೇಡ. ಆ ಗಿಡ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಮಾಡುತ್ತದೆ. ಎರಡೂ ಕ್ಯಾನ್ಸರಿಗೆ ಕೊಡುವ ಔಷಧಿಗಳು. ಎಲೆಯಲ್ಲಿ ಅವು ಸಿಗುವುದು ತೀರ ಕಡಿಮೆ. ಹಾಗಾಗಿಯೇ ಆ ಜೀನ್‌ಗಳನ್ನು ಯೀಸ್ಟಿಗೆ ಸೇರಿಸಿ, 2022ರಲ್ಲಿ ವಿನ್‌ಬ್ಲಾಸ್ಟಿನ್ನಿನ ಎರಡು ಅರ್ಧಗಳನ್ನೂ ಅದರಿಂದಲೇ ಮಾಡಿಸಿದರು. ಇಷ್ಟು ಕಷ್ಟಪಟ್ಟು ಪಡೆಯುವುದನ್ನು ಎರಡನೇ ಸಾಲಿಗೆ ತಳ್ಳುವುದು ಹೇಗೆ?

*

> ದ್ರಾಕ್ಷಿಯ ಬೀಜಕ್ಕೆ ‘ಜೊಳ್ಳು’ ಅನ್ನಿ

ಜೊಳ್ಳು ಒಪ್ಪಿದೆ. ಆದರೆ ‘ಬೀಜ’ ಯಾಕೆ? ಬಿತ್ತುವುದು ‘ಬಿತ್ತು’. ಬಿತ್ತನೆ ಅನ್ನುವಾಗ ನಾಚಿಕೆ ಇಲ್ಲ, ಬಿತ್ತು ಅನ್ನಲು ಯಾಕೆ ನಾಚಿಕೆ? ‘ಜೊಳ್ಳುಬಿತ್ತು’ ಅನ್ನಿ. ಪರಾಗ, ಫಲ, ಗರ್ಭ, ವರ್ಣತಂತು. ಒಂದು ಫಲಕದಲ್ಲಿ ಕನ್ನಡ ಎಷ್ಟು ಉಳಿಯಿತು ಎಣಿಸಿ ನೋಡಿ.

*

ಎಣಿಸುವುದೇ ಆದರೆ ಸರಿಯಾಗಿ ಎಣಿಸಿ. ಹಣ್ಣು ಮೊದಲು ‘ಪಣ್’. ತಮಿಳಿನ ‘ಪೞಂ’ ಅದರ ನೆಂಟ. ಸಂಸ್ಕೃತದ ‘ಫಲ’ವೇ ಈ ದ್ರಾವಿಡ ಬೇರಿನಿಂದ ಹೋದದ್ದು ಅಂತ ವಾದಿಸಿದ ವಿದ್ವಾಂಸರಿದ್ದಾರೆ. ಒಪ್ಪದವರೂ ಇದ್ದಾರೆ. ಒಪ್ಪಿದರೆ ‘ಫಲ’ವನ್ನು ನೀವು ಯಾವ ಮನೆಯಿಂದ ಹೊರಗೆ ಹಾಕುತ್ತೀರಿ?

‘ಬೀಜ’ ಹೊಲದಲ್ಲಿ ಆಡುವ ಮಾತು. ಅದನ್ನು ಕಿತ್ತು ‘ಬಿತ್ತು’ ತುರುಕಿದರೆ ಫಲಕ ಓದುವ ಹುಡುಗಿ ಅದನ್ನು ‘ಬಿದ್ದಿತು’ ಅಂತ ಓದಿಕೊಳ್ಳುತ್ತಾಳೆ. ‘ಜೊಳ್ಳು ಬಿತ್ತು’. ನೀವೇ ಒಂದು ಸಲ ಜೋರಾಗಿ ಓದಿ.

*

ಎರವಲು ಪದ ಬಳಸಿದರೆ ತಪ್ಪು ಅಂತ ನಾನು ಎಲ್ಲೂ ಹೇಳಿಲ್ಲ. ಸ್ವಂತದ್ದು ಇರುವಾಗ ಎರವಲು ತರುವುದು ತಪ್ಪು ಅಂದೆ. ಎರಡಕ್ಕೂ ವ್ಯತ್ಯಾಸ ಇದೆ. ಇದನ್ನು ನೂರು ಸಲ ಹೇಳಿದ್ದೇನೆ, ಇನ್ನು ಹೇಳುವುದಿಲ್ಲ.

*

‘ಕನ್ಯಾಫಲ’ಕ್ಕೆ ಏನು ಕೊರತೆ ಅಂತ ಇನ್ನೂ ಯಾರೂ ಹೇಳಿಲ್ಲ.

*

ಎಲ್ಲರಿಗೂ ತುಂಬಾ ಧನ್ಯವಾದ. ತಳಿ ಅಭಿವೃದ್ಧಿಯ ಸರ್, ನಿಮ್ಮ ಪತ್ರ ಓದಿ ರಾತ್ರಿಯೇ ಪ್ರದರ್ಶನದವರಿಗೆ ಫೋನ್ ಮಾಡಿದೆ. ಒಂದೇ ತಲೆಬರಹ ತೆಗೆಯಲು ಒಪ್ಪಿದರು. ‘ಕನ್ಯಾಫಲ’ ಹೇಳಿದ ಸರ್, ಬೇಸರ ಬೇಡ. ಮಕ್ಕಳಿಗೆ ಹೂವಿನಲ್ಲಿ ಏನು ನಡೆಯಿತು ಅನ್ನುವುದು ಆ ಪದದಿಂದ ತಿಳಿಯುವುದಿಲ್ಲ, ಅಷ್ಟೇ ಕಾರಣ. ಗರ್ಭ ಕಟ್ಟುವುದಕ್ಕೆ ಪುಸ್ತಕಗಳಲ್ಲಿರುವ ‘ಫಲೀಕರಣ’ ಪದವನ್ನು ನಾನೇ ಬಿಟ್ಟೆ. ‘ಫಲೀಕರಣವಿಲ್ಲದೆ ಫಲ’ ಅಂತ ಬರೆದಾಗ ನನಗೇ ತಲೆ ತಿರುಗಿತು.

ಅಚ್ಚಿಗೆ ಹೋಗುವುದು ಹೀಗಿದೆ:

ತಲೆಬರಹ: ಬೀಜವಿಲ್ಲದ ಹಣ್ಣು, ಮೂರು ದಾರಿ.
ಬಾಳೆ: ಪರಾಗ ಸೋಕದೆ ಕಾಯಿ ಕಚ್ಚುತ್ತದೆ (ಪಾರ್ಥೆನೋಕಾರ್ಪಿ).
ಕಲ್ಲಂಗಡಿ: ಪರಾಗ ಸೋಕಿದರೆ ಮಾತ್ರ ಕಾಯಿ ಕಚ್ಚುತ್ತದೆ, ಆದರೆ ಬೀಜ ಕಟ್ಟುವುದಿಲ್ಲ.
ದ್ರಾಕ್ಷಿ: ಬೀಜ ಹುಟ್ಟಿ, ಬೆಳೆಯದೆ ಜೊಳ್ಳಾಗುತ್ತದೆ.
ನಿತ್ಯಪುಷ್ಪ: ಎಲೆಯಲ್ಲಿ ಮದ್ದಿನ ಅಂಶ.

ಕೊನೆಯ ಸಾಲಿನಲ್ಲಿ ‘ಮದ್ದು’ ಇರಲೋ ‘ಔಷಧಿ’ ಇರಲೋ? ಒಂಬತ್ತೂವರೆಯವರೆಗೆ ತಿದ್ದಬಹುದು.

*

ಮದ್ದು.

*

ಔಷಧಿ. ಮದ್ದು ಅಂದರೆ ಪಟಾಕಿಯ ಮದ್ದೂ ಆಗುತ್ತದೆ.

*

ಗಿಡದ ಎಲೆಯ ಪಕ್ಕದಲ್ಲಿ ಮದ್ದು ಅಂದರೆ ಪಟಾಕಿ ಅಂತ ಯಾರೂ ಓದುವುದಿಲ್ಲ. ‘ಮದ್ದಿನ ಗಿಡ’ ಅನ್ನುವುದು ದಿನಾ ಆಡುವ ಮಾತು. ಮದ್ದು ಇರಲಿ, ಕಳಿಸಿಬಿಡಿ.