ಮೂಲ ಕೇಳುವ ಮಗ

ಬೆಳಗಾಗುತ್ತಲೇ ದೊಡ್ಡಪ್ಪ ಕುಟುಂಬದ ಗುಂಪಿಗೆ ಹಾಕಿದ ಸಂದೇಶ: 'ಎಚ್ಚರ! ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ದಾನಿಯ ವೈರಸ್‌ನಿಂದ ಕ್ಯಾನ್ಸರ್ ಖಚಿತ. ಎಲ್ಲರಿಗೂ ತಲುಪಿಸಿ.' ಕಿಡ್ನಿ ಪಡೆದ ಚಿಕ್ಕಪ್ಪನೂ ಕೊಟ್ಟ ಅತ್ತೆಯೂ ಇದೇ ಗುಂಪಿನಲ್ಲಿದ್ದಾರೆ ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೇ ಹಾಕಿದರೋ, ದುಗ್ಗಮ್ಮನೇ ಬಲ್ಲಳು.

ದೊಡ್ಡಪ್ಪನ ಮಗ: ಇದರ ಮೂಲ ಯಾವುದು? (ಮದುವೆಯ ಕರೆಯೋಲೆಗೂ ಮೂಲ ಕೇಳುವವನು ಇವನು.)

ದೊಡ್ಡಪ್ಪ: ಹಿರಿಯರು ಹೇಳಿದ್ದಕ್ಕೆಲ್ಲ ಮೂಲ ಕೇಳಬಾರದು. ದೇವರು ಕೊಟ್ಟ ದೇಹದಲ್ಲಿ ಮನುಷ್ಯ ಕೈಯಾಡಿಸಿದರೆ ಹೀಗೆಯೇ.

ಅತ್ತೆ: ಅಂದರೆ ನಾನು ತಮ್ಮನಿಗೆ ಕೊಟ್ಟದ್ದು ಕಿಡ್ನಿಯಲ್ಲ, ರೋಗ ಎಂದಾಯಿತು.

ನಾನು: 'ಖಚಿತ' ಎಂಬುದು ಸುಳ್ಳು, ಅಪಾಯ ಹೆಚ್ಚು ಎಂಬುದು ನಿಜ. ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಕೊಡುತ್ತಾರೆ. ಆಗ ಮೈಯಲ್ಲಿ ಮೊದಲೇ ಅಡಗಿರುವ ವೈರಸ್‌ಗಳ ಮೇಲಿನ ಕಾವಲು ಸಡಿಲವಾಗುತ್ತದೆ. ಎಪ್‌ಸ್ಟೀನ್-ಬಾರ್ ವೈರಸ್ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರಲ್ಲಿದೆ. ದೊಡ್ಡಪ್ಪ, ಬಹುಶಃ ನಿಮ್ಮಲ್ಲೂ. ಕಾವಲು ತಪ್ಪಿದರೆ ಅದು ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ಗೆ ದಾರಿ ಮಾಡಬಹುದು. ಪ್ಯಾಪಿಲೋಮಾ ವೈರಸ್ ಗರ್ಭಕೊರಳಿನ ಕ್ಯಾನ್ಸರ್‌ಗೆ, ಹೆಪಟೈಟಿಸ್ ಬಿ ಯಕೃತ್ತಿನ ಕ್ಯಾನ್ಸರ್‌ಗೆ. ಅಮೆರಿಕದ 1,75,732 ಕಸಿಗಳ ದಾಖಲೆಯನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ಕ್ಯಾನ್ಸರ್ ಅಪಾಯ ಸಾಮಾನ್ಯ ಜನರಿಗಿಂತ ಸುಮಾರು ಎರಡು ಪಟ್ಟು ಎಂದಿದೆ. ದಾನಿಯಿಂದ ವೈರಸ್ ಬರುವುದೇ ಇಲ್ಲ ಎಂದಲ್ಲ. ಎಪ್‌ಸ್ಟೀನ್-ಬಾರ್ ಇನ್ನೂ ತಗುಲದವರಿಗೆ, ಹೆಚ್ಚಾಗಿ ಮಕ್ಕಳಿಗೆ, ಅದು ಇರುವವರ ಅಂಗ ಸೇರಿದಾಗ ಅಪಾಯ ಜಾಸ್ತಿ. ಅದಕ್ಕೇ ಮೊದಲು ಇಬ್ಬರ ರಕ್ತವನ್ನೂ ಪರೀಕ್ಷಿಸುತ್ತಾರೆ.

ಇಷ್ಟನ್ನು ಓದಲು ಬೇಕಾದ ಹೊತ್ತಿಗಿಂತ ಮೊದಲೇ ಉತ್ತರ ಬಂತು.

ಹರಿಹರದ ಅಣ್ಣ: ರಕ್ತ ಪರೀಕ್ಷೆ ಎಂದಾಗ ನೆನಪಾಯಿತು. ಚಿಕ್ಕಪ್ಪನ ಡಯಾಲಿಸಿಸ್ ಮುಗಿಯುವವರೆಗೆ ನಾವು ಹೊರಗೆ ಬೆಣ್ಣೆದೋಸೆ ತಿನ್ನುತ್ತಿದ್ದೆವಲ್ಲ, ಆ ದೋಸೆ ಈಗ ದಾವಣಗೆರೆಯಲ್ಲೂ ಸಿಗುವುದಿಲ್ಲ!

ಅಲ್ಲಿಂದ ಮಾತು ಬೆಣ್ಣೆಗೆ, ಬೆಣ್ಣೆಯಿಂದ ಮಂಡಕ್ಕಿ ಮಿರ್ಚಿಗೆ. ತಿಂಗಳುಗಟ್ಟಲೆ ಬಾಯಿ ತೆರೆಯದ ತಂಗಿಯರೂ ಮಿರ್ಚಿಯ ವಿಷಯಕ್ಕೆ ಎದ್ದು ಬಂದರು.

ಅತ್ತೆ: ಬೆಣ್ಣೆ ಆಮೇಲೆ. ಮೂಲ ಕೇಳುವ ಮಗನೇ, ನಿನ್ನ ಅಪ್ಪ ಅಂದು ತಮ್ಮ ರಕ್ತದ ಗುಂಪು ಹೊಂದುವುದಿಲ್ಲ ಎಂದಿದ್ದರಲ್ಲ, ಆ ವರದಿಯನ್ನೂ ಇಲ್ಲಿ ಹಾಕಿಸು.

ಮಗ ಓದಿದ್ದಕ್ಕೆ ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ.

ದೊಡ್ಡಮ್ಮ: ಅವರಿಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು. ವೈದ್ಯರೇ ಬೇಡವೆಂದರು.

ಅತ್ತೆ: ಅಂದು ರಕ್ತದ ಗುಂಪು, ಇಂದು ಸಕ್ಕರೆ.

ದೊಡ್ಡಪ್ಪ: ಮನೆ ಪಾಲಾದಾಗಲೂ ನೀನು ಹೀಗೆಯೇ ಮಾತನಾಡಿದ್ದೆ.

ಚಿಕ್ಕಪ್ಪ: ಹಾಗಾದರೆ ನಾನು ಮಾತ್ರೆ ಬಿಡಬೇಕೇ?

ನನಗೆ ಎದೆ ಧಸಕ್ಕೆಂದಿತು. ಇಂತಹ ಸಂದೇಶಗಳು ನಿಜವಾಗಿ ಕೆಡುಕು ಮಾಡುವುದು ಇಲ್ಲಿ.

ನಾನು: ಖಂಡಿತ ಬೇಡ. ನೀವಾಗಿ ಬಿಟ್ಟರೆ ದೇಹ ಕಿಡ್ನಿಯನ್ನೇ ತಿರಸ್ಕರಿಸುತ್ತದೆ. ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಳೆದು ವೈದ್ಯರೇ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಕತ್ತು, ಕಂಕುಳಲ್ಲಿ ಗಂಟು, ಬಿಡದ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಚರ್ಮದಲ್ಲಿ ಮಾಯದ ಹುಣ್ಣು ಕಂಡರೆ ತಡಮಾಡದೆ ತೋರಿಸಿ.

ಚಿಕ್ಕಪ್ಪ: ಸರಿ, ಎಂಟು ಗಂಟೆಯ ಆ ಮಾತ್ರೆ, ಟ್ಯಾಕ್ರೊಲಿಮಸ್, ನುಂಗಿದೆ. ಅಣ್ಣನ ವರದಿ ಬಂತೇ?