ಬ್ರಹ್ಮಪುರದ ಹಳೆಯ ಮನೆ ಮಾರಬೇಕಿದೆ, ಕೈಯಲ್ಲಿರುವುದು 25 ಸಾವಿರ

ಬ್ರಹ್ಮಪುರದ ಮಗಳು:
ಕಲಬುರಗಿಯ ಬ್ರಹ್ಮಪುರದಲ್ಲಿ ಅಪ್ಪ 1987ರಲ್ಲಿ ಕಟ್ಟಿಸಿದ ಮನೆ. ಪಡಸಾಲೆ, ಮೂರು ಕೋಣೆ, ನೆಲಕ್ಕೆ ಪರಸಿ, ಅಂದರೆ ಶಹಾಬಾದ್ ಕಲ್ಲು, ಹಿತ್ತಲಲ್ಲಿ ಬೇವಿನ ಮರ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆ ಹುಬ್ಬಳ್ಳಿಯಲ್ಲಿದ್ದಾಳೆ, ಮನೆಗೆ ಬೀಗ ಬಿದ್ದು ಎರಡು ವರ್ಷವಾಯಿತು. ಐದು ಕುಟುಂಬಗಳು ನೋಡಿ ಹೋದವು. ಕೊನೆಯವರು ಬಂದದ್ದು ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ. ಕಲಬುರಗಿಯಲ್ಲಿ ಆ ಹೊತ್ತಿಗೆ ನಾಯಿಯೂ ನೆರಳು ಬಿಟ್ಟು ಏಳುವುದಿಲ್ಲ. ಆ ಯಜಮಾನರು ಫ್ಯಾನಿನ ಕೆಳಗೆ ನಿಂತು ಕುತ್ತಿಗೆ ಒರೆಸಿಕೊಂಡರು, ನೆಲ ನೋಡಿ "ಇನ್ನೂ ಪರಸಿ ಕಲ್ಲೇನು?" ಎಂದರು, ನೀರು ಕುಡಿದು ಹೊರಟುಬಿಟ್ಟರು.

ದಲಾಲಿ ಎರಡು ಲಕ್ಷ ಹಾಕಿ ಟೈಲ್ಸ್ ಮಾಡಿಸಿ ಎನ್ನುತ್ತಾನೆ. ನನ್ನಲ್ಲಿರುವುದು 25 ಸಾವಿರ. ನಿನ್ನೆ ನಾನೇ ಜಾಣತನ ಮಾಡಲು ಹೋಗಿ ಬಚ್ಚಲಿಗೆ ತಂದಿದ್ದ ಆ್ಯಸಿಡ್ಡನ್ನು ಪಡಸಾಲೆಯ ಮೂಲೆಗೆ ಸುರಿದೆ. ಬುಸ್ಸೆಂದು ನೊರೆ ಎದ್ದಿತು. ಒಣಗಿದ ಮೇಲೆ ನೋಡಿದರೆ ಅಂಗೈ ಅಗಲದ ಬೆಳ್ಳಗಿನ ಮಚ್ಚೆ. ಪೂರ್ವದ ಗೋಡೆಯಲ್ಲಿ ಒಂದು ಬಿರುಕೂ ಇದೆ, ಪುಟ್ಟಿ ಹಚ್ಚಿ ಮುಚ್ಚಲೇ?

ಸೇಡಂ ರಸ್ತೆಯವನು:
ಅಕ್ಕಾ, ಈಗ ಪರಸಿ ಯಾರಿಗೆ ಬೇಕು? ಸಾಲ ಮಾಡಿಯಾದರೂ ಟೈಲ್ಸ್ ಹಾಕಿಸಿ, ಬೆಲೆಯಲ್ಲಿ ಸೇರಿಸಿಕೊಳ್ಳಿ.

ಹಳೆಯ ಗೌಂಡಿ:
ತಂಗಿ, ಸಾಲ ಮಾಡಬೇಡ. ಕೊಳ್ಳುವವನು ನಿನ್ನ ಟೈಲ್ಸ್ ಬಣ್ಣ ಹಿಡಿಸಲಿಲ್ಲವೆಂದು ಅದನ್ನೂ ಕಿತ್ತು ಹಾಕುತ್ತಾನೆ. ನಾನೇ ಕಿತ್ತುಕೊಟ್ಟಿದ್ದೇನೆ.

ಮೊದಲು ಆ ಆ್ಯಸಿಡ್ ಬಾಟಲಿಯನ್ನು ಮನೆಯಿಂದ ಆಚೆ ಇಡು. ಶಹಾಬಾದ್ ಕಲ್ಲು ಎಂದರೆ ಸುಣ್ಣದ ಕಲ್ಲು. ವಾಡಿಯಲ್ಲಿ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಇಲ್ಲಿನ ನೆಲದಡಿ ಸುಣ್ಣದ ಕಲ್ಲು ಇರುವುದರಿಂದ. ಆ್ಯಸಿಡ್ ಅದನ್ನು ತಿನ್ನುತ್ತದೆ, ನೀನು ನೋಡಿದ ನೊರೆ ಅದೇ. ನಲ್ಲಿಯ ಮೇಲೆ ಕಟ್ಟಿದ ಉಪ್ಪುನೀರಿನ ಕರೆಗೆ ಹುಣಸೆಹಣ್ಣು ತಿಕ್ಕಬಹುದು, ಆದರೆ ಹುಳಿನೀರು ಕಲ್ಲಿನ ಮೇಲೆ ತೊಟ್ಟಿಕ್ಕದಂತೆ ಕೆಳಗೆ ಬಟ್ಟೆ ಹಾಸು. ನೆಲಕ್ಕೆ ಸೋಪಿನ ನೀರು, ತೆಂಗಿನ ನಾರು, ಎರಡು ದಿನದ ಬೆವರು. ಸಂದುಗಳಲ್ಲಿ ಕಪ್ಪಾದ ಸಿಮೆಂಟನ್ನು ಕೆರೆಸಿ ಹೊಸದು ತುಂಬಿಸು. ಆಮೇಲೆ ನೋಡು, ನೆಲ ಹಸಿಯಿದ್ದಾಗ ಆ ಬೂದುನೀಲಿ ಬಣ್ಣ ಹೇಗೆ ಮೇಲೆದ್ದು ಬರುತ್ತದೆ! ಕೈಯಲ್ಲಿ ದುಡ್ಡು ಉಳಿದರೆ ಪಡಸಾಲೆಗೆ ಮಾತ್ರ ಮಷಿನ್ ಪಾಲಿಷ್ ಮಾಡಿಸು.

ಒಳಗೆ ತಂಪಾಗಲು ಮಾಳಿಗೆಗೆ, ಅಂದರೆ ತಾರಸಿಗೆ, ಸುಣ್ಣ. ಸಂಜೆ ನೀರು ಹೊಡೆದು ತಣಿಸಿ, ಬಟ್ಟೆಯಲ್ಲಿ ಸೋಸಿದ ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ, ಎರಡು ಸಲ ಬಳಿಸು. ಕಾದ ಮಾಳಿಗೆಗೆ ಬಳಿದರೆ ಹುಡಿಯಾಗಿ ಉದುರುತ್ತದೆ.

ಬಿರುಕಿಗೆ ಪುಟ್ಟಿ ಹಚ್ಚಬೇಡ. ನಮ್ಮದು ಎರೆ ಭೂಮಿ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಮಾಳಿಗೆಯ ನೀರು ಆ ಗೋಡೆಯ ಬುಡಕ್ಕೇ ಬೀಳುತ್ತಿದೆಯೇ ನೋಡು.

ಕಳೆದ ವರ್ಷ ಮನೆ ಕೊಂಡವಳು:
ಗೌಂಡಿ ಕಾಕಾ ಹೇಳಿದ್ದು ಸರಿ. ನಾವು ಒಂದು ಮನೆಯನ್ನು ಬಿಟ್ಟದ್ದೇ ಹಸಿ ಪುಟ್ಟಿಯ ವಾಸನೆಗೆ. ಇಡೀ ಮನೆ ಹಳೆಯದು, ಒಂದೇ ಗೋಡೆಗೆ ಹೊಸ ಬಣ್ಣವಿದ್ದರೆ ಯಾರಿಗೆ ಅನುಮಾನ ಬರುವುದಿಲ್ಲ? ಕೊಳ್ಳುವವರಿಗೆ ಸುಲಭವಾಗಿ ಕಾಣದ ದೊಡ್ಡ ದೋಷವಿದ್ದರೆ ಮಾರುವವರೇ ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲೇ ಇದೆ.

ಬೀಗ ಹಾಕಿದ ಮನೆ ಎಂದಿರಿ. ಜನ ಬರುವ ಎರಡು ದಿನ ಮೊದಲೇ ಕಿಟಕಿ, ಗೋಡೆ ಕಪಾಟು ಎಲ್ಲ ತೆರೆದಿಡಿ. ಹಳೆಯ ಗಾದಿ, ಒಡೆದ ಕೂಲರ್ ಗುಜರಿಗೆ ಹಾಕಿ. ಬೆಳಿಗ್ಗೆ ಏಳು ಎಂಟರೊಳಗೆ ಬರಲು ಹೇಳಿ, ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಳ್ಳಿ. ಬೇವಿನ ನೆರಳು ಮೊದಲು ಕಾಣಲಿ. ಋಣಭಾರ ಪತ್ರ, ಇ-ಖಾತೆ, ತೆರಿಗೆ ರಸೀದಿ ಒಂದೇ ಫೈಲಿನಲ್ಲಿರಲಿ. ಖಾತೆ ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದರೆ ಸುಣ್ಣಕ್ಕಿಂತ ಮೊದಲು ಆ ಕೆಲಸ ಮಾಡಿಸಿ.

ಬ್ರಹ್ಮಪುರದ ಮಗಳು:
ಖಾತೆ ಅವ್ವನ ಹೆಸರಿಗೆ ಆಗಿದೆ, ಪುಣ್ಯ. ಅಪ್ಪನ ಟ್ರಂಕಿನಲ್ಲಿ ಎಲ್ಲ ಕಾಗದಗಳೂ ಸಿಕ್ಕವು, ಒಂದೊಂದರ ಮೇಲೂ "ಗುಲ್ಬರ್ಗ" ಎಂದೇ ಇದೆ. ಕಾಕಾ, ನೀವು ಹೇಳಿದಂತೆ ನೋಡಿದೆ. ಮಾಳಿಗೆಯ ಪೈಪು ಮೊಳದಷ್ಟು ತುಂಡಾಗಿದೆ, ನೀರೆಲ್ಲ ಆ ಗೋಡೆಗೇ. ಮಚ್ಚೆಗೆ ಏನು ಮಾಡಲಿ? ಅದರ ಮೇಲೆ ಮಂಚ ಸರಿಸಿಟ್ಟಿದ್ದೇನೆ.

ಹಳೆಯ ಗೌಂಡಿ:
ಪೈಪು ಇವತ್ತೇ ಹಾಕಿಸು. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆ. ಮಳೆಗಾಲ ಮುಗಿಯುವವರೆಗೆ ಗೆರೆ ದಾಟದಿದ್ದರೆ ಬಂದವರಿಗೆ ಅದನ್ನೇ ತೋರಿಸು, ದಾಟಿದರೆ ಎಂಜಿನಿಯರನ್ನು ಕರೆಸು. ಮಚ್ಚೆಯನ್ನು ಪೇಂಟರ್ ಹತ್ತಿರ ಸಿಗುವ ವಾಟರ್ ಪೇಪರಿನಿಂದ ನೀರು ಬಿಟ್ಟು ಉಜ್ಜು, ಮೊದಲು ಒರಟು, ಆಮೇಲೆ ನುಣುಪು. ಪೂರ್ತಿ ಹೋಗುವುದಿಲ್ಲ. ಮಂಚ ಮಾತ್ರ ತೆಗೆ, ಪಡಸಾಲೆಯ ಮೂಲೆಯಲ್ಲಿ ಮಂಚ ಕಂಡರೆ ಬಂದವರು ಮೊದಲು ಅದರ ಕೆಳಗೇ ಬಗ್ಗಿ ನೋಡುತ್ತಾರೆ.