ಪದಚರ್ಚೆ: ಕುಸ್ತಿಯವನ ‘ಮುಖವಾಡ’ಕ್ಕೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಮೆಕ್ಸಿಕೊದ ಕುಸ್ತಿಪಟು ಮಿಲ್ ಮಾಸ್ಕರಾಸ್ ಅವರ ಬಗ್ಗೆ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಹುಟ್ಟಿದ ನಾಡಿಗಿಂತ ಹೊರನಾಡುಗಳಲ್ಲೇ ಹೆಚ್ಚು ಸುತ್ತಿ ಹೆಸರು ಮಾಡಿದವರು ಅವರು. ಬದುಕಿನ ವಿವರಗಳು ಸಲೀಸಾಗಿ ಕನ್ನಡಕ್ಕೆ ಬಂದವು. ಸಿಕ್ಕಿಬಿದ್ದದ್ದು ಒಂದೇ ಪದದಲ್ಲಿ: ‘ಮುಖವಾಡ’. ಮೊದಲ ಕರಡಿನಲ್ಲಿ ‘ಮುಖವಾಡಧಾರಿ ಕುಸ್ತಿಪಟು’ ಎಂದು ಬರೆದಿದ್ದೆ. ಅದನ್ನು ಓದಿದ ನನ್ನ ಅಕ್ಕ ಮೊದಲು ಕೇಳಿದ್ದು, “ಇವನು ಯಾರಿಗೆ ಮೋಸ ಮಾಡಿದ?” ಎಂದು.

ಅಕ್ಕ ಕೇಳಿದ್ದು ಸರಿಯಾಗಿಯೇ ಇದೆ. ಈಗಿನ ಕನ್ನಡದಲ್ಲಿ ಮುಖವಾಡ ಎಂದರೆ ಕಪಟ. ‘ಸಜ್ಜನಿಕೆಯ ಮುಖವಾಡ’ ಎನ್ನುತ್ತೇವೆ, ‘ಕೊನೆಗೂ ಅವನ ಮುಖವಾಡ ಕಳಚಿತು’ ಎನ್ನುತ್ತೇವೆ. ಒಳಗೊಂದು ನಿಜವಾದ ಮುಖವಿದೆ, ಮೇಲಿನದು ಸುಳ್ಳು ಎಂಬ ತೀರ್ಪು ಆ ಪದದೊಳಗೇ ಕೂತುಬಿಟ್ಟಿದೆ.

ಮೆಕ್ಸಿಕೊದ ಕುಸ್ತಿಯಾದ ‘ಲೂಚಾ ಲಿಬ್ರೆ’ಯಲ್ಲಿ ಸಂಗತಿ ತೀರಾ ಬೇರೆ. ಅಲ್ಲಿ ‘ಮಾಸ್ಕರಾ’, ಅಂದರೆ ಮುಖವಾಡ, ಕುಸ್ತಿಯವನ ಮಾನ. ಎಲ್ ಸಾಂತೊ ಎಂಬ ಮಹಾ ಕುಸ್ತಿಪಟು 1984ರಲ್ಲಿ ತೀರಿಕೊಂಡಾಗ ಬೆಳ್ಳಿಬಣ್ಣದ ಮುಖವಾಡ ಸಮೇತ ಮಣ್ಣು ಮಾಡಿದರು. ಇಬ್ಬರು ಬದ್ಧ ವೈರಿಗಳು ಮುಖವಾಡವನ್ನೇ ಪಣಕ್ಕಿಟ್ಟು ಸೆಣಸುವುದುಂಟು. ಅದಕ್ಕೆ ‘ಲೂಚಾ ದೆ ಅಪುವೆಸ್ತಾಸ್’ ಎನ್ನುತ್ತಾರೆ. ‘ಪಣದ ಕುಸ್ತಿ’ ಎಂದರೆ ನಮಗೆ ಚೆನ್ನಾಗಿ ಹೊಂದುತ್ತದೆ. ಸೋತವನು ತುಂಬಿದ ಸಭೆಯಲ್ಲಿ ಮುಖವಾಡ ಬಿಚ್ಚಿ, ತನ್ನ ನಿಜ ಹೆಸರು ಹೇಳಬೇಕು. ಮುಖವಾಡ ಇಲ್ಲದವನು ತಲೆಗೂದಲನ್ನು ಪಣಕ್ಕಿಡುತ್ತಾನೆ. ಸೋತರೆ ಅಲ್ಲೇ ತಲೆ ಬೋಳಿಸುತ್ತಾರೆ.

ಇದನ್ನು ಬರೆಯುವಾಗ ನಮ್ಮದೇ ಒಂದು ಮಾತು ನೆನಪಾಯಿತು: ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.’ ಪಂಥ ಕಟ್ಟುವಾಗ ‘ಸೋತರೆ ಅರ್ಧ ಮೀಸೆ ಬೋಳಿಸ್ಕೋತೀನಿ’ ಎನ್ನುವುದೂ ಇದೆಯಲ್ಲ. ನಮ್ಮ ಪೈಲ್ವಾನನ ಮಾನ ಮೀಸೆಯಲ್ಲಿದ್ದರೆ ಅವರದು ಮುಖವಾಡದಲ್ಲಿದೆ. ಹಾಗಾಗಿ ಪಣದ ಕುಸ್ತಿಯಲ್ಲಿ ಮುಖವಾಡ ಕಳೆದುಕೊಳ್ಳುವುದಕ್ಕೆ ‘ಕಳಚು’ ಸಲ್ಲದು. ‘ಮುಖಭಂಗ’ ಎಂಬ ಪದವೇ ಸರಿ ಎಂದು ನನಗೆ ಅನ್ನಿಸಿದೆ. ಅವಮಾನ ಎಂಬ ಅರ್ಥದಲ್ಲಿ ದಿನವೂ ಬಳಸಿ ಸವೆದ ಆ ಪದಕ್ಕೆ ಇಲ್ಲಿ ಅಕ್ಷರಾರ್ಥವೂ ಮರಳಿ ಬರುತ್ತದೆ.

ಈಗ ಮಾಸ್ಕರಾಸ್ ವಿಷಯಕ್ಕೆ ಬರುತ್ತೇನೆ, ನಿಜವಾದ ತೊಡಕು ಅಲ್ಲೇ ಇದೆ. ಅವರು 1942ರಲ್ಲಿ ಸಾನ್ ಲೂಯಿಸ್ ಪೊತೊಸಿಯಲ್ಲಿ ಹುಟ್ಟಿದವರು. ‘ಮಿಲ್ ಮಾಸ್ಕರಾಸ್’ ಎಂದರೆ ‘ಸಾವಿರ ಮುಖವಾಡ’. ಹೆಸರಿಗೆ ತಕ್ಕಂತೆ ಪ್ರತಿ ಸಲವೂ ಬೇರೆ ಬಣ್ಣ, ಬೇರೆ ಚಿತ್ತಾರದ ಮುಖವಾಡ. ಹಣೆಯ ಮೇಲಿನ ‘ಎಂ’ ಅಕ್ಷರ ಮಾತ್ರ ಅವರ ಗುರುತು. 1960ರ ದಶಕದ ಕೊನೆಗೆ ಲಾಸ್ ಏಂಜಲೀಸಿನ ಒಲಿಂಪಿಕ್ ಆಡಿಟೋರಿಯಂನಲ್ಲಿ ಹೆಸರಾದರು. 1971ರಲ್ಲಿ ಜಪಾನಿಗೆ ಹೋದರು. ನ್ಯೂಯಾರ್ಕ್ ರಾಜ್ಯದಲ್ಲಿ ಮುಖ ಮುಚ್ಚಿಕೊಂಡು ಕುಸ್ತಿ ಆಡಬಾರದೆಂಬ ನಿಷೇಧವಿತ್ತು. 1972ರ ಡಿಸೆಂಬರಿನಲ್ಲಿ ಅಲ್ಲಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅಖಾಡಕ್ಕೆ ಮುಖವಾಡದೊಂದಿಗೇ ಇಳಿದ ಮೊದಲಿಗರು ಇವರು. ಆ ನಿಷೇಧದ ಹಿಂದೆ ಇದ್ದದ್ದೂ ನಮ್ಮ ಅಕ್ಕನ ಅನುಮಾನವೇ ಇರಬೇಕು: ಮುಖ ಮುಚ್ಚಿಕೊಂಡವನು ಏನೋ ಬಚ್ಚಿಡುತ್ತಿದ್ದಾನೆ.

ಜಪಾನಿನಲ್ಲಿ ಅವರು ಮಾಡುತ್ತಿದ್ದ ಒಂದು ಕೆಲಸವನ್ನು ಕಣ್ಣಿಗೆ ಕಟ್ಟುವಂತೆ ಬರೆಯಬೇಕೆಂದು ನನಗೆ ಬಹಳ ಆಸೆ. ಅಖಾಡಕ್ಕೆ ಬರುವಾಗ ಒಂದರ ಮೇಲೊಂದು ಎರಡು ಮುಖವಾಡ ತೊಟ್ಟಿರುತ್ತಿದ್ದರು. ಆಟ ಶುರುವಾಗುವ ಮೊದಲು ಮೇಲಿನದನ್ನು ತೆಗೆದು ಜನರ ನಡುವೆ ಎಸೆಯುತ್ತಿದ್ದರು. ಅದಕ್ಕಾಗಿ ಮಕ್ಕಳು ಮುಗಿಬೀಳುತ್ತಿದ್ದರು. ಒಳಗೆ ಕಾಣುತ್ತಿದ್ದದ್ದು ಇನ್ನೊಂದು ಮುಖವಾಡ! ಇದಕ್ಕೆ ‘ಮುಖವಾಡ ಕಳಚಿದರು’ ಎಂದು ಹೇಗೆ ಬರೆಯಲಿ? ಹಾಗೆ ಬರೆದ ಕೂಡಲೇ ಓದುವ ಮಗು ನಿಜವಾದ ಮುಖಕ್ಕೆ ಕಾಯುತ್ತದೆ. ‘ಮೇಲಿನ ಮುಖ ತೆಗೆದು ಎಸೆದರು’ ಎಂದು ಬರೆದು ನೋಡಿದೆ. ನನ್ನ ಕಿವಿಗೆ ಅದೇ ಹಿತವಾಗಿ ಕೇಳಿತು.

ಜಪಾನಿಯರು ಹೋದ ದಾರಿಯೂ ಇದೇ. ಅವರು ಮಾಸ್ಕರಾಸ್‌ಗೆ ಕೊಟ್ಟ ಬಿರುದು ‘ಸೆನ್ ನೊ ಕಾಓ ಒ ಮೊತ್ಸು ಒತೊಕೊ’, ಅಂದರೆ ‘ಸಾವಿರ ಮುಖಗಳುಳ್ಳ ಗಂಡು’. ಸ್ಪ್ಯಾನಿಷಿನ ಮುಖವಾಡ ಜಪಾನಿಯಲ್ಲಿ ಮುಖವೇ ಆಗಿಬಿಟ್ಟಿತು. ಅವರ ‘ನೋ’ ಎಂಬ ಹಳೆಯ ನಾಟಕ ಪ್ರಕಾರದಲ್ಲೂ ಮುಖವಾಡಕ್ಕೆ ‘ಒಮೊತೆ’ ಎನ್ನುತ್ತಾರೆ, ಆ ಪದಕ್ಕೆ ಮುಖ ಎಂದೂ ಅರ್ಥವಿದೆ.

ಹಾಗೆಂದು ನಾವೂ ಎಲ್ಲ ಕಡೆ ‘ಮುಖ’ ಎಂದು ಬರೆಯಹೋದರೆ ಬೇರೆ ಕಷ್ಟ. ಮಾಸ್ಕರಾಸ್ ಅವರ ತಮ್ಮನೂ ಕುಸ್ತಿಯವರೇ, ಅಖಾಡದ ಹೆಸರು ‘ದೋಸ್ ಕಾರಾಸ್’: ಎರಡು ಮುಖ. ಕನ್ನಡದಲ್ಲಿ ‘ಎರಡು ಮುಖದವನು’ ಎಂದರೆ ನಂಬಿಕೆಗೆ ಅರ್ಹನಲ್ಲ ಎಂದೇ ಕೇಳಿಸುತ್ತದೆ. ‘ಇಮ್ಮೊಗ’ ಎಂದರೆ ಆ ಕಳಂಕ ತಪ್ಪುತ್ತದೆ, ಮುಮ್ಮೊಗದ ದೇವರ ಸಾಲಿಗೆ ಸೇರುತ್ತದೆ. 2011ರಲ್ಲಿ ಮೆಕ್ಸಿಕೊದ ಕುಸ್ತಿಪಟು ಮಿಸ್ತಿಕೊ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಗೆ ಹೋದಾಗ ‘ಸಿನ್ ಕಾರಾ’, ಅಂದರೆ ‘ಮುಖವಿಲ್ಲದವ’ ಆದ. ‘ಯಾವ ಮುಖ ಇಟ್ಟುಕೊಂಡು ಹೋಗಲಿ’ ಎನ್ನುವ ಭಾಷೆಯಲ್ಲಿ ಈ ಹೆಸರನ್ನು ಅನುವಾದಿಸದೆ ಬಿಡುವುದೇ ಒಳ್ಳೆಯದು.

ಅಂದ ಹಾಗೆ, ಲೂಚಾದಲ್ಲಿ ಆಟಗಾರರು ಎರಡು ಬಗೆ: ‘ರುದೊ’ ಮತ್ತು ‘ತೆಕ್ನಿಕೊ’. ಇವಕ್ಕೆ ‘ಒರಟ’, ‘ಪಟ್ಟುಗಾರ’ ಎಂದು ಬಳಸಿದ್ದೇನೆ. ಮಾಸ್ಕರಾಸ್ ಪಟ್ಟುಗಾರರ ಪೈಕಿ. ಮೇಲಿನಿಂದ ಹಾರಿ ಎದುರಾಳಿಯ ಎದೆಗೆ ಅಡ್ಡಡ್ಡ ಬೀಳುವುದು ಅವರ ಹೆಸರಾದ ವರಸೆ. ಗರಡಿಯ ಮಟ್ಟಿಯಲ್ಲಿ ಬೆಳೆದ ನಮ್ಮ ಕುಸ್ತಿಯ ನುಡಿಯಲ್ಲಿ ಹಿಡಿತಗಳಿಗೆ ಬೇಕಾದಷ್ಟು ಹೆಸರಿವೆ, ಹಾರಾಟಕ್ಕೆ ನನಗೆ ಯಾವುದೂ ಸಿಗಲಿಲ್ಲ. ಸದ್ಯಕ್ಕೆ ‘ಎರಗು’ ಎಂದಿಟ್ಟುಕೊಂಡಿದ್ದೇನೆ.

ಮುಖವಾಡ ಪದಕ್ಕೆ ಹಿಂದಿನಿಂದಲೂ ಈ ಕಳಂಕ ಇತ್ತೆಂದು ನಾನು ಒಪ್ಪಲಾರೆ. ಹಂಪಿಯ ವಿರೂಪಾಕ್ಷನಿಗೆ ಶಿವರಾತ್ರಿಯಂದು ಚಿನ್ನದ ಮುಖವಾಡ ತೊಡಿಸುತ್ತಾರೆ, ಅಲ್ಲಿ ಯಾರಿಗೂ ಕಪಟದ ನೆನಪಾಗುವುದಿಲ್ಲ. ತುಮಕೂರು, ಹಾಸನದ ಕಡೆ ಸೋಮನ ಕುಣಿತದಲ್ಲಿ ಆ ದೊಡ್ಡ ಮೊಗ ಹೊತ್ತು ಕುಣಿಯುವವನಿಗೆ ಊರೇ ಕೈಮುಗಿಯುತ್ತದೆ. ಮಾಸ್ಕರಾಸ್‌ಗೆ ಬೇಕಾದ ಪದ ಆ ಜನರ ಬಾಯಲ್ಲಿ ಇರಬೇಕೆಂದು ನನ್ನ ನಂಬಿಕೆ.

ಆದ್ದರಿಂದ ಕೇಳುತ್ತಿದ್ದೇನೆ. ಸೋಮನ ಕುಣಿತ ನೋಡಿ ಬೆಳೆದವರೇ, ಕುಣಿತ ಮುಗಿದ ಮೇಲೆ ಸೋಮನನ್ನು ‘ಇಳಿಸುವುದು’ ಎನ್ನುತ್ತೀರೋ, ‘ಬಿಚ್ಚುವುದು’ ಎನ್ನುತ್ತೀರೋ? ಕರಾವಳಿಯವರು ಭೂತದ ಮೊಗಕ್ಕೆ ಯಾವ ಕ್ರಿಯಾಪದ ಬಳಸುತ್ತೀರಿ? ಉತ್ತರ ಕರ್ನಾಟಕದವರಿಗೂ ಒಂದು ಪ್ರಶ್ನೆ: ನಿಮ್ಮ ಕಡೆ ‘ಸೋಗು ಹಾಕು’ ಎನ್ನುವುದರಲ್ಲಿ ಬೈಗುಳದ ಛಾಯೆ ಇದೆಯೇ, ಇಲ್ಲವೇ? ನಮ್ಮ ಕಡೆ ‘ಸೋಗಲಾಡಿ’ ಎಂದರೆ ಬೈಗುಳವೇ. ನಿಮ್ಮಲ್ಲಿ ಹಾಗಿಲ್ಲವಾದರೆ ‘ಸೋಗಿನ ಪೈಲ್ವಾನ’ ಎಂದು ಬರೆದು ಅಕ್ಕನ ಮುಂದೆ ಮತ್ತೊಮ್ಮೆ ಇಡುತ್ತೇನೆ.